ವಿದ್ಯುತ್ ಸರಕು ವಾಹನ: ಬೆಲೆ, ಓಟ, ಚಾರ್ಜಿಂಗ್ ವೇಗಗಳ ತುಲನೆ

2005ರ ಮೇ ತಿಂಗಳಿನಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಾಗ ಸಣ್ಣ ವ್ಯಾಪಾರಿಯ ಸರಕು ಸಾಗಣೆಯ ಸ್ವರೂಪವೇ ಬದಲಾಯಿತು. ಅದುವರೆಗೆ ಮೂರು ಚಕ್ರದ ಲಗೇಜ್ ಆಟೋ ಅಥವಾ ಬಾಡಿಗೆ ಲಾರಿ ಎಂಬ ಎರಡೇ ದಾರಿಗಳಿದ್ದ ಗಾಂಧಿಬಜಾರಿನ ಸಗಟು ಅಂಗಡಿಗಳಿಗೂ, ಮಾಚೇನಹಳ್ಳಿಯ ಫೌಂಡ್ರಿಗಳಿಗೂ ಸ್ವಂತದ ನಾಲ್ಕು ಚಕ್ರದ ವಾಹನ ಕೈಗೆಟುಕುವಂತಾಯಿತು. ಎರಡು ದಶಕಗಳ ನಂತರ ಅದೇ ವರ್ಗದ ವಾಹನಗಳು ಬ್ಯಾಟರಿಯ ಮೇಲೆ ಓಡತೊಡಗಿವೆ. ಟಾಟಾ ಏಸ್ ಇವಿ 2022ರ ಮೇ ತಿಂಗಳಿನಲ್ಲಿ ಅನಾವರಣಗೊಂಡಿತು. 2024ರ ಅಕ್ಟೋಬರ್‌ನಲ್ಲಿ ಮಹೀಂದ್ರ ಜಿಯೋ ಬಂದಿತು. 2025ರ ಜೂನ್‌ನಲ್ಲಿ ಟಾಟಾ ಏಸ್ ಪ್ರೊ ಪೆಟ್ರೋಲ್, ದ್ವಿ-ಇಂಧನ ಹಾಗೂ ವಿದ್ಯುತ್ ಎಂಬ ಮೂರು ರೂಪಗಳಲ್ಲಿ ಒಟ್ಟಿಗೇ ಮಾರಾಟಕ್ಕೆ ಬಂದಿತು. ಆಯ್ಲರ್, ಮಾಂಟ್ರಾ, ಸ್ವಿಚ್ ಮೊದಲಾದ ಕಂಪನಿಗಳೂ ಕಣದಲ್ಲಿವೆ.

ಮಾರಾಟ ಪ್ರತಿನಿಧಿಗಳು ಅಂಗಡಿಯ ಬಾಗಿಲಿಗೇ ಬಂದು ತೋರಿಸುವ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳು ದೊಡ್ಡ ಅಕ್ಷರಗಳಲ್ಲಿರುತ್ತವೆ: ಬೆಲೆ, ಒಂದು ಚಾರ್ಜಿಗೆ ಓಡುವ ದೂರ ಅಂದರೆ ರೇಂಜ್, ಹಾಗೂ ಚಾರ್ಜಿಂಗಿಗೆ ಬೇಕಾದ ಸಮಯ. ಈ ಮೂರನ್ನೂ ಬಿಡಿಬಿಡಿಯಾಗಿ ಓದಿದರೆ ಯಾವ ವಾಹನವೂ ಚೆನ್ನಾಗಿಯೇ ಕಾಣುತ್ತದೆ. ಶಿವಮೊಗ್ಗ-ಭದ್ರಾವತಿಯ ರಸ್ತೆ, ಸರಕು ಮತ್ತು ಬಡ್ಡಿದರಗಳ ಜೊತೆ ಸೇರಿಸಿ ಓದಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಕೊಳ್ಳುವ ನಿರ್ಧಾರ ತಪ್ಪಿದರೆ ಸಣ್ಣ ಸಂಸ್ಥೆಯೊಂದರ ಮೂರು-ನಾಲ್ಕು ವರ್ಷಗಳ ದುಡಿಯುವ ಬಂಡವಾಳ ಗ್ಯಾರೇಜಿನಲ್ಲಿ ಸಿಕ್ಕಿಕೊಳ್ಳುವುದರಿಂದ ಈ ಲೆಕ್ಕವನ್ನು ಮೊದಲೇ ಹಾಕುವುದು ಒಳಿತು.

ಬ್ಯಾಟರಿಯನ್ನು ಯೂನಿಟ್‌ನಲ್ಲಿ ಅಳೆಯುವುದು

ವಿದ್ಯುತ್ ವಾಹನದ ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್-ಅವರ್ ಎಂಬ ಮಾನದಿಂದ ಹೇಳುತ್ತಾರೆ. ಇದು ಹೊಸದೇನೂ ಅಲ್ಲ; ಮೆಸ್ಕಾಂ ಬಿಲ್ಲಿನಲ್ಲಿ ಪ್ರತಿ ತಿಂಗಳೂ ಬರುವ 'ಯೂನಿಟ್' ಎಂಬುದೇ ಅದು. ಏಸ್ ಪ್ರೊ ಇವಿಯ ಬ್ಯಾಟರಿ 14.4 ಯೂನಿಟ್, ಏಸ್ ಇವಿಯದು 21.3 ಯೂನಿಟ್, ಜಿಯೋದ ಎರಡು ಮಾದರಿಗಳದು 18.4 ಮತ್ತು 21.3 ಯೂನಿಟ್, ಆಯ್ಲರ್ ಸ್ಟಾರ್ಮ್‌ನ ದೊಡ್ಡ ಮಾದರಿಯದು ಸುಮಾರು 30 ಯೂನಿಟ್. ಡೀಸೆಲ್ ಟ್ಯಾಂಕಿನ ಲೀಟರ್ ಲೆಕ್ಕವನ್ನು ಹೇಗೆ ನೋಡುತ್ತಾರೋ ಹಾಗೆಯೇ ಇದನ್ನು ನೋಡಬೇಕು.

ಕಂಪನಿ ಘೋಷಿಸಿದ ರೇಂಜನ್ನು ಈ ಯೂನಿಟ್ಟಿನಿಂದ ಭಾಗಿಸಿದರೆ ಒಂದು ಉಪಯುಕ್ತ ಅಂಕಿ ದೊರೆಯುತ್ತದೆ. ಏಸ್ ಪ್ರೊ ಇವಿಗೆ ಘೋಷಿತ ರೇಂಜ್ 155 ಕಿ.ಮೀ.; ಅಂದರೆ ಯೂನಿಟ್ಟಿಗೆ 10.8 ಕಿ.ಮೀ. ಏಸ್ ಇವಿಗೆ 154 ಕಿ.ಮೀ.; ಯೂನಿಟ್ಟಿಗೆ 7.2 ಕಿ.ಮೀ. ದೊಡ್ಡ ಬ್ಯಾಟರಿಯ ಜಿಯೋಗೆ 160 ಕಿ.ಮೀ. ವರೆಗೆ; ಯೂನಿಟ್ಟಿಗೆ 7.5 ಕಿ.ಮೀ. ಹಗುರ ವಾಹನ ಹೆಚ್ಚು ಓಡುವುದು ಸಹಜವಾದರೂ, ಒಂದೇ ವರ್ಗದ ವಾಹನಗಳ ನಡುವೆ ಇಷ್ಟು ಅಂತರ ಕಂಡುಬಂದಾಗ ಹೆಚ್ಚಿನ ಅಂಕಿಯನ್ನು ಪರೀಕ್ಷಾ ಕೇಂದ್ರದ ಅಂಕಿಯೆಂದೇ ಭಾವಿಸಿ ಲೆಕ್ಕ ಹಾಕುವುದು ಕ್ಷೇಮ. ಪ್ರಮಾಣೀಕರಣದ ಪರೀಕ್ಷೆಯಲ್ಲಿ ವೇಗ, ನಿಲುಗಡೆ, ಭಾರಗಳೆಲ್ಲ ಪೂರ್ವನಿಗದಿತ. ಅಲ್ಲಿ ಗುಂಡಿ ಬಿದ್ದ ರಸ್ತೆಯಿಲ್ಲ, ಮಳೆಯಿಲ್ಲ, ಎತ್ತರಕ್ಕೆ ಪೇರಿಸಿದ ಪ್ಲೈವುಡ್ಡಿಗೆ ತಾಗುವ ಎದುರುಗಾಳಿಯಿಲ್ಲ.

ಈ ವಿಷಯದಲ್ಲಿ ಮಾಂಟ್ರಾ ಕಂಪನಿಯ ಕ್ರಮ ಮೆಚ್ಚತಕ್ಕದ್ದು. 2025ರ ಜನವರಿಯಲ್ಲಿ 15.99 ಲಕ್ಷ ರೂಪಾಯಿಗೆ ಬಿಡುಗಡೆಯಾದ ಅದರ ಮೂರೂವರೆ ಟನ್ ವರ್ಗದ ಈವಿಯೇಟರ್‌ಗೆ ಪ್ರಮಾಣೀಕೃತ ರೇಂಜ್ 245 ಕಿ.ಮೀ. ಎಂದೂ, ನಿಜಬಳಕೆಯಲ್ಲಿ 170 ಕಿ.ಮೀ. ಎಂದೂ ಕಂಪನಿಯೇ ಎರಡು ಅಂಕಿಗಳನ್ನು ನೀಡಿತು. ಎರಡನೆಯದು ಮೊದಲನೆಯದರ ಶೇ. 70ಕ್ಕೆ ಸ್ವಲ್ಪ ಕಡಿಮೆ. ಇತರ ಕಂಪನಿಗಳ ಘೋಷಿತ ರೇಂಜನ್ನೂ ಇದೇ ಪ್ರಮಾಣದಲ್ಲಿ ಇಳಿಸಿಕೊಂಡು ನೋಡಿದರೆ ಹೆಚ್ಚು ಮೋಸವಾಗದು. ಹಾಗೆ ಇಳಿಸಿದಾಗ ಏಸ್ ಪ್ರೊ ಇವಿ ಸುಮಾರು 110 ಕಿ.ಮೀ., ಏಸ್ ಇವಿ ಮತ್ತು ಜಿಯೋ ಅದರ ಆಸುಪಾಸಿನಲ್ಲಿಯೇ ಬರುತ್ತವೆ.

ಭಾರ ಮತ್ತು ಏರು

ರೇಂಜಿನೊಡನೆ ಹೊರುವ ಭಾರವನ್ನೂ ಓದಬೇಕು. ಏಸ್ ಇವಿ ಮೊದಲು ಬಂದಾಗ ಅದರ ಭಾರ ಮಿತಿ 600 ಕೆ.ಜಿ. ಮಾತ್ರ, ಒಂದು ಟನ್ ಹೊರುವ ಏಸ್ ಇವಿ 1000 ಎಂಬ ಮಾದರಿ 2024ರ ಮೇ ತಿಂಗಳಿನಲ್ಲಿ ಬಂದಿತು. ಏಸ್ ಪ್ರೊ 750 ಕೆ.ಜಿ., ಜಿಯೋ 765 ಕೆ.ಜಿ. ವರೆಗೆ, ಆಯ್ಲರ್ ಸ್ಟಾರ್ಮ್ 1,250 ಕೆ.ಜಿ. ಹೊರುತ್ತವೆ. ಎಪಿಎಂಸಿಯಲ್ಲಿ ಅಡಿಕೆ ಚೀಲವೊಂದು 70 ಕೆ.ಜಿ. ತೂಗಿದರೆ 750 ಕೆ.ಜಿ. ಎಂದರೆ ಹತ್ತೇ ಚೀಲ. ಡೀಸೆಲ್ ಏಸ್‌ನಲ್ಲಿ ಹದಿನೈದು-ಇಪ್ಪತ್ತು ಚೀಲ ಪೇರಿಸಿ ಅಭ್ಯಾಸವಾಗಿರುವ ಚಾಲಕರು ವಿದ್ಯುತ್ ವಾಹನದಲ್ಲಿಯೂ ಹಾಗೆಯೇ ಪೇರಿಸುತ್ತಾರೆ. ಅದರ ಬೆಲೆಯನ್ನು ರೇಂಜಿನಲ್ಲಿ ಅಂದೇ ತೆರಬೇಕಾಗುತ್ತದೆ. ವಾರಂಟಿಯಲ್ಲಿ ಮುಂದೊಂದು ದಿನ ತೆರಬೇಕಾಗಬಹುದು. ಎರಕದ ಬಿಡಿಭಾಗ ಸಾಗಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಎರಕದ ಕಬ್ಬಿಣ ಅರ್ಧ ಡಬ್ಬಿಯೂ ತುಂಬುವ ಮೊದಲೇ ತೂಕದ ಮಿತಿಯನ್ನು ಮೀರಿರುತ್ತದೆ. ಬೇಕರಿ, ಔಷಧಿ, ಪ್ಲಾಸ್ಟಿಕ್ ಸಾಮಾನುಗಳ ವ್ಯಾಪಾರಿಗೆ ಈ ತೊಂದರೆಯಿಲ್ಲ. ಅವರಿಗೆ ಡಬ್ಬಿಯ ಉದ್ದವೇ ಮುಖ್ಯ.

ಏರಿನ ಲೆಕ್ಕ ಸರಳವಾದ ಭೌತಶಾಸ್ತ್ರ. ಸರಕೂ ಸೇರಿ ಎರಡು ಟನ್ ತೂಗುವ ವಾಹನವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ಶಕ್ತಿ ಬೇಕು. ಮೋಟಾರು ಮತ್ತು ಗೇರಿನ ನಷ್ಟ ಸೇರಿಸಿದರೆ 0.7 ಯೂನಿಟ್ ಸಮೀಪ. ಭದ್ರಾವತಿಯ ಕಡೆಗೆ ಹೋಗುವ ರಸ್ತೆಯಲ್ಲಿ ಇದನ್ನು ಮರೆತರೂ ನಡೆಯುತ್ತದೆ. ಆಗುಂಬೆ ಘಾಟಿ ಇಳಿದು ಉಡುಪಿಯ ಕಡೆಗೆ ಸರಕು ಒಯ್ಯುವವರು ಮರೆಯುವಂತಿಲ್ಲ. ಸುಮಾರು 500 ಮೀಟರ್ ಎತ್ತರವನ್ನು ಮರಳಿ ಏರುವಾಗ, ರಸ್ತೆಯ ದೂರಕ್ಕೆ ತಗಲುವುದನ್ನು ಬಿಟ್ಟು, ಏರಿಗೆಂದೇ ಮೂರೂವರೆ ಯೂನಿಟ್ ಖರ್ಚಾಗುತ್ತದೆ. 14.4 ಯೂನಿಟ್ ಬ್ಯಾಟರಿಯಲ್ಲಿ ಇದು ಕಾಲುಭಾಗ. ಇಳಿಯುವಾಗ ಬ್ರೇಕಿನಿಂದ ಒಂದಿಷ್ಟು ಶಕ್ತಿ ಬ್ಯಾಟರಿಗೆ ಹಿಂದಿರುಗುತ್ತದೆ, ನಿಜ. ಆದರೆ ಪೂರ್ತಿ ಸಿಗದು, ಬ್ಯಾಟರಿ ಭರ್ತಿಯಾಗಿದ್ದರೆ ಅದನ್ನು ಸ್ವೀಕರಿಸಲು ಜಾಗವೇ ಇರುವುದಿಲ್ಲ. ಘಟ್ಟದ ಕೆಳಗಿನ ನಿತ್ಯದ ಸಾಗಣೆಗೆ ಈ ಸಣ್ಣ ವಾಹನಗಳು ಹೇಳಿಮಾಡಿಸಿದವಲ್ಲ ಎಂದೇ ಹೇಳಬೇಕು.

ಬೆಲೆ: ಜಿ.ಎಸ್.ಟಿ. ಬಿಡಿಸಿದ ಲೆಕ್ಕ

ಬೆಲೆಯ ತುಲನೆಗೆ ಏಸ್ ಪ್ರೊ ಅತ್ಯುತ್ತಮ ಉದಾಹರಣೆ. ಒಂದೇ ಮೈಕಟ್ಟು, ಪೆಟ್ರೋಲ್ ಮತ್ತು ವಿದ್ಯುತ್ ಎರಡೂ ಇವೆ. ಬಿಡುಗಡೆಯ ದಿನ ಪೆಟ್ರೋಲ್ ಮಾದರಿಯ ಆರಂಭಿಕ ಎಕ್ಸ್-ಶೋರೂಂ ಬೆಲೆ 3.99 ಲಕ್ಷ, ವಿದ್ಯುತ್ ಮಾದರಿಯದು 6.50 ಲಕ್ಷ. ಮೇಲ್ನೋಟಕ್ಕೆ ಅಂತರ 2.51 ಲಕ್ಷ ರೂಪಾಯಿ.

ಇದು ವ್ಯಾಪಾರಿಗೆ ಬೇಕಾದ ಅಂತರವಲ್ಲ. ವಿದ್ಯುತ್ ವಾಹನಗಳ ಮೇಲಿನ ಜಿ.ಎಸ್.ಟಿ. 2019ರ ಆಗಸ್ಟ್‌ನಿಂದ ಶೇ. 5. ಪೆಟ್ರೋಲ್, ಡೀಸೆಲ್ ಸರಕು ವಾಹನಗಳ ಮೇಲೆ ಶೇ. 28 ಇದ್ದುದು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿಯಿತು. ತೆರಿಗೆಯ ಇಳಿಕೆ ಪೂರ್ತಿಯಾಗಿ ಗ್ರಾಹಕರಿಗೆ ದಾಟಿದರೆ ಪೆಟ್ರೋಲ್ ಏಸ್ ಪ್ರೊ 3.68 ಲಕ್ಷದ ಸಮೀಪಕ್ಕೆ ಬಂದು ಅಂತರ 2.82 ಲಕ್ಷಕ್ಕೆ ಏರುತ್ತದೆ. ಇದು ಹೂಡುವಳಿ ತೆರಿಗೆ ಜಮೆ ಸಿಗದವರ ಲೆಕ್ಕ. ಅಂದರೆ ರಾಜಿ ತೆರಿಗೆ ಪದ್ಧತಿಯಲ್ಲಿರುವವರು, ತರಕಾರಿಯಂತಹ ತೆರಿಗೆರಹಿತ ಸರಕನ್ನಷ್ಟೇ ಮಾರುವವರು ಇತ್ಯಾದಿ.

ನಿಯತವಾಗಿ ಜಿ.ಎಸ್.ಟಿ. ಕಟ್ಟುವ ವ್ಯಾಪಾರಿ ಮತ್ತು ಉತ್ಪಾದಕರಿಗೆ ಸರಕು ಸಾಗಣೆ ವಾಹನದ ಮೇಲೆ ತೆತ್ತ ತೆರಿಗೆ ಜಮೆಯಾಗಿ ಹಿಂದಿರುಗುತ್ತದೆ. ಅವರ ಪಾಲಿಗೆ ನಿಜವಾದ ಬೆಲೆಯೆಂದರೆ ತೆರಿಗೆ ಬಿಡಿಸಿದ ಬೆಲೆ: ಪೆಟ್ರೋಲ್ ಮಾದರಿಗೆ 3.12 ಲಕ್ಷ, ವಿದ್ಯುತ್ ಮಾದರಿಗೆ 6.19 ಲಕ್ಷ. ಅಂತರ 3.07 ಲಕ್ಷ. 'ಶೇ. 5 ಮಾತ್ರ ತೆರಿಗೆ' ಎಂದು ಮಾರಾಟಗಾರರು ಒತ್ತಿಹೇಳುವ ಲಾಭ ನೋಂದಾಯಿತ ವ್ಯಾಪಾರಿಗೆ ಲಾಭವೇ ಅಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಇಂಧನದ ಮಾತು ಬೇರೆ. ಪೆಟ್ರೋಲ್, ಡೀಸೆಲ್‌ಗಳು ಜಿ.ಎಸ್.ಟಿ. ವ್ಯಾಪ್ತಿಯಲ್ಲಿಲ್ಲವಾದ್ದರಿಂದ ಅವುಗಳ ಮೇಲಿನ ತೆರಿಗೆ ಯಾರಿಗೂ ಜಮೆಯಾಗುವುದಿಲ್ಲ. ಉಳಿಸಿದ ಪ್ರತಿ ಲೀಟರೂ ಪೂರ್ಣ ಉಳಿತಾಯ.

ಕಿಲೋಮೀಟರಿನ ಲೆಕ್ಕ

ವಿನೋಬನಗರದಲ್ಲಿ ಗೋದಾಮು ಇರಿಸಿಕೊಂಡು ಮಾಚೇನಹಳ್ಳಿ, ಭದ್ರಾವತಿಗಳಿಗೆ ದಿನಕ್ಕೊಂದು ಸುತ್ತು ಸರಕು ಕಳುಹಿಸುವ ವ್ಯಾಪಾರಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಭದ್ರಾವತಿಗೆ ಹೋಗಿಬರುವುದು ನಲವತ್ತು ಕಿ.ಮೀ.ಗೆ ತುಸು ಹೆಚ್ಚು. ನಗರದೊಳಗಿನ ಓಡಾಟ ಸೇರಿ ದಿನಕ್ಕೆ 60 ಕಿ.ಮೀ. ವರ್ಷಕ್ಕೆ 300 ದಿನದಂತೆ 18,000 ಕಿ.ಮೀ.

ಪೆಟ್ರೋಲ್ ಲೀಟರಿಗೆ 102 ರೂಪಾಯಿ, ಮೈಲೇಜು 17 ಕಿ.ಮೀ. ಎಂದು ಹಿಡಿದರೆ ಕಿ.ಮೀ.ಗೆ 6 ರೂಪಾಯಿ. ವಿದ್ಯುತ್ ವಾಹನಕ್ಕೆ ಬ್ಯಾಟರಿಯಿಂದ ಕಿ.ಮೀ.ಗೆ 0.13 ಯೂನಿಟ್, ಚಾರ್ಜಿಂಗ್ ನಷ್ಟ ಸೇರಿ ಗೋಡೆಯ ಮೀಟರಿನಲ್ಲಿ 0.15 ಯೂನಿಟ್, ಯೂನಿಟ್ಟಿಗೆ 8 ರೂಪಾಯಿಯಾದರೆ ಕಿ.ಮೀ.ಗೆ 1.20 ರೂಪಾಯಿ. ಉಳಿತಾಯ 4.80 ರೂಪಾಯಿ. ದರಗಳು ಬದಲಾದಂತೆ ಪ್ರತಿಯೊಬ್ಬರೂ ತಮ್ಮ ಬಿಲ್ಲಿನ ಅಂಕಿಗಳನ್ನೇ ಇಲ್ಲಿ ಹಾಕಿಕೊಳ್ಳಬೇಕು.

ವರ್ಷದ ಉಳಿತಾಯ 86,400 ರೂಪಾಯಿ. 3.07 ಲಕ್ಷವನ್ನು ಇದರಿಂದ ಭಾಗಿಸಿ 'ಮೂರೂವರೆ ವರ್ಷದಲ್ಲಿ ಹಣ ವಾಪಸು' ಎನ್ನುವುದು ರೂಢಿ. ಆದರೆ ಹೆಚ್ಚುವರಿ ಹಣಕ್ಕೆ ಬಡ್ಡಿಯಿದೆ. ಶೇ. 11ರಂತೆ ಮೊದಲ ವರ್ಷವೇ ಸುಮಾರು 33,800 ರೂಪಾಯಿ ಬಡ್ಡಿಗೆ ಹೋಗುತ್ತದೆ. ಉಳಿದದ್ದು ಅಸಲಿಗೆ ಸಂದು, ವರ್ಷದಿಂದ ವರ್ಷಕ್ಕೆ ಬಡ್ಡಿ ಇಳಿಯುತ್ತಾ ಹೋದರೆ ಹಣ ಮರಳಲು ನಾಲ್ಕೂಮುಕ್ಕಾಲು ವರ್ಷ ಬೇಕು.

ದಿನಕ್ಕೆ 30 ಕಿ.ಮೀ. ಮಾತ್ರ ಓಡಿಸುವ, ಅಂದರೆ ಗಾಂಧಿಬಜಾರಿನಿಂದ ನಗರದೊಳಗಿನ ಅಂಗಡಿಗಳಿಗಷ್ಟೇ ಸರಕು ಮುಟ್ಟಿಸುವ ವ್ಯಾಪಾರಿಗೆ ವರ್ಷದ ಉಳಿತಾಯ 43,200 ರೂಪಾಯಿ. ಅದರಲ್ಲಿ 33,800 ಬಡ್ಡಿಗೇ ಹೋಯಿತು. ಕೈಯಲ್ಲುಳಿಯುವ ಒಂಬತ್ತು ಸಾವಿರ ಚಿಲ್ಲರೆಯಲ್ಲಿ ಮೂರು ಲಕ್ಷದ ಅಸಲು ವಾಹನದ ಆಯುಷ್ಯದೊಳಗೆ ತೀರುವ ಮಾತೇ ಇಲ್ಲ. ನಗರದೊಳಗಿನ ಕಡಿಮೆ ಓಡಾಟಕ್ಕೆ ವಿದ್ಯುತ್ ವಾಹನವೇ ತಕ್ಕದ್ದೆಂಬ ಜನಪ್ರಿಯ ಅಭಿಪ್ರಾಯ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ದಿನಕ್ಕೆ 100 ಕಿ.ಮೀ. ಓಡಿಸಿದರೆ ವರ್ಷಕ್ಕೆ 1.44 ಲಕ್ಷ ಉಳಿದು, ಬಡ್ಡಿಯೂ ಸೇರಿ ಎರಡೂವರೆ ವರ್ಷದ ಸುಮಾರಿಗೆ ಹಣ ಮರಳುತ್ತದೆ. ತೊಡಕಿರುವುದೂ ಇಲ್ಲಿಯೇ. 100 ಕಿ.ಮೀ.ಗೆ ಬೇಕಾದದ್ದು 13 ಯೂನಿಟ್, ಬ್ಯಾಟರಿಯಲ್ಲಿರುವುದು 14.4. ಭದ್ರಾವತಿಗೆ ಎರಡು ಸುತ್ತು ಹೊಡೆದು ಬಂದಾಗ ಮುಳ್ಳು ಕೆಂಪಿಗೆ ಇಳಿದಿರುತ್ತದೆ. ಬ್ಯಾಟರಿ ಹಳತಾದಂತೆ ಈ ಅಂಚೂ ಕರಗುತ್ತದೆ. ಹಣ ಮರಳಬೇಕಾದರೆ ಹೆಚ್ಚು ಓಡಬೇಕು, ಹೆಚ್ಚು ಓಡಬೇಕಾದರೆ ದೊಡ್ಡ ಬ್ಯಾಟರಿ ಅಥವಾ ಮಧ್ಯಾಹ್ನದ ಚಾರ್ಜಿಂಗ್ ಬೇಕು, ಎರಡಕ್ಕೂ ಹಣ ಬೇಕು. ಮೂರು ಅಂಕಿಗಳು ಪರಸ್ಪರ ಕಟ್ಟಿಕೊಂಡಿರುವ ಬಗೆ ಇದು.

ನಿರ್ವಹಣೆಯ ಉಳಿತಾಯ ಇದರ ಮೇಲೆ. ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಪ್ಲೇಟುಗಳಿಲ್ಲದಿರುವುದು ಸಣ್ಣ ಸಂಗತಿಯಲ್ಲ. ಮೂರನೇ ವ್ಯಕ್ತಿ ವಿಮೆಯ ಕಂತಿನಲ್ಲಿ ವಿದ್ಯುತ್ ಸರಕು ವಾಹನಗಳಿಗೆ ಶೇ. 15 ರಿಯಾಯಿತಿಯನ್ನು 2022ರ ಕೇಂದ್ರ ಅಧಿಸೂಚನೆ ನೀಡಿತು. ಪಿಎಂ ಇ-ಡ್ರೈವ್ ಯೋಜನೆಯನ್ನು ನಂಬಿ ಬೆಲೆ ಇಳಿಯುವುದೆಂದು ಕಾಯುವುದರಲ್ಲಿ ಅರ್ಥವಿಲ್ಲ. 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಆ ಯೋಜನೆಯ ಟ್ರಕ್ ಸಹಾಯಧನ ಮೂರೂವರೆ ಟನ್ ಮೀರಿದ ವಾಹನಗಳಿಗೆ ಸಂಬಂಧಿಸಿದ್ದು. ರಾಜ್ಯದ ರಸ್ತೆ ತೆರಿಗೆಯ ನಿಯಮಗಳು 2016ರ ಪೂರ್ಣ ವಿನಾಯಿತಿಯ ನಂತರ ಬದಲಾಗುತ್ತಾ ಬಂದಿರುವುದರಿಂದ ಕೊಳ್ಳುವ ತಿಂಗಳಿನ ದರವನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೇ ವಿಚಾರಿಸತಕ್ಕದ್ದು.

ಚಾರ್ಜಿಂಗ್ ವೇಗದ ನಿಜ ಬೆಲೆ

ಸಾಧಾರಣ 15 ಆಂಪಿಯರ್ ಪ್ಲಗ್ಗು ಗಂಟೆಗೆ ಸುಮಾರು ಮೂರು ಯೂನಿಟ್ ಕೊಡುತ್ತದೆ. ಏಸ್ ಪ್ರೊದ ಬ್ಯಾಟರಿ ಖಾಲಿಯಿಂದ ತುಂಬಲು ಐದೂವರೆ ಗಂಟೆ, 21.3 ಯೂನಿಟ್ಟಿನ ವಾಹನಕ್ಕೆ ಎಂಟು ಗಂಟೆ. ರಾತ್ರಿ ಎಂಟಕ್ಕೆ ಬಾಗಿಲು ಹಾಕಿ ಬೆಳಿಗ್ಗೆ ಎಂಟಕ್ಕೆ ತೆರೆಯುವ ಅಂಗಡಿಗೆ ಇದು ಸಾಲದೆನ್ನುವಂತಿಲ್ಲ. ವೇಗದ ಚಾರ್ಜಿಂಗ್ ಬೇಕಾಗುವುದು ಹಗಲಿನಲ್ಲಿ ಎರಡನೆಯ ಸುತ್ತು ಹೊರಡುವವರಿಗೆ ಮಾತ್ರ.

ವೇಗದ ಬೆಲೆ ಎಷ್ಟೆಂಬುದನ್ನು ಆಯ್ಲರ್‌ನ ಬೆಲೆಪಟ್ಟಿ ಬಹಳ ಸ್ಪಷ್ಟವಾಗಿ ತೋರಿಸುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಒಂದು ಟನ್ನಿನ ಟರ್ಬೊ ಇವಿ 1000 ವಾಹನದ ಸಿಟಿ ಮಾದರಿ 5.99 ಲಕ್ಷ, ಮ್ಯಾಕ್ಸ್ ಮಾದರಿ 7.19 ಲಕ್ಷ, ಫಾಸ್ಟ್ ಚಾರ್ಜ್ ಮಾದರಿ 8.19 ಲಕ್ಷ. ಅಗ್ಗದ ಮಾದರಿಗೂ ವೇಗದ ಮಾದರಿಗೂ 2.20 ಲಕ್ಷದ ಅಂತರ. ಜಾಹೀರಾತಿನಲ್ಲಿ ಕಡಿಮೆ ಬೆಲೆಯನ್ನೂ ವೇಗದ ಚಾರ್ಜಿಂಗನ್ನೂ ಒಂದೇ ಹಾಳೆಯಲ್ಲಿ ಕಂಡವರು, ಎರಡೂ ಒಂದೇ ವಾಹನದಲ್ಲಿ ಸಿಗುವುದಿಲ್ಲವೆಂಬುದನ್ನು ತಿಳಿದಿರಬೇಕು. ಅದೇ ಕಂಪನಿಯ ಸ್ಟಾರ್ಮ್ ಲಾಂಗ್‌ರೇಂಜ್ 200 ಹದಿನೈದು ನಿಮಿಷದಲ್ಲಿ 100 ಕಿ.ಮೀ. ಓಡುವಷ್ಟು ಚಾರ್ಜ್ ಆಗುತ್ತದೆಂದು ಹೇಳಲಾಗಿದೆ. 2024ರಲ್ಲಿ ಅದರ ಬಿಡುಗಡೆಯ ಬೆಲೆ 12.99 ಲಕ್ಷ. 7.52 ಲಕ್ಷದಿಂದ ಆರಂಭವಾದ ಜಿಯೋಗೆ ಅಷ್ಟೇ ದೂರದ ಚಾರ್ಜಿಗೆ ಒಂದು ಗಂಟೆ. ಊಟದ ವಿರಾಮ ಮತ್ತು ಸರಕು ತುಂಬುವ ಹೊತ್ತು ಸೇರಿದರೆ ಒಂದು ಗಂಟೆ ಹೇಗೂ ಆಗುತ್ತದೆ. ಉಳಿಯುವ ಮುಕ್ಕಾಲು ಗಂಟೆಗಾಗಿ ಲಕ್ಷಗಟ್ಟಲೆ ತೆರುವ ಅಗತ್ಯ ಈ ಭಾಗದ ಹೆಚ್ಚಿನ ವ್ಯಾಪಾರಿಗಳಿಗೆ ಕಾಣುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ರಸ್ತೆ ಬದಿಯ ಚಾರ್ಜಿಂಗ್ ಕೇಂದ್ರದ ಮೇಲೆ '60 ಕಿಲೋವ್ಯಾಟ್' ಎಂದು ಬರೆದಿದ್ದರೆ ಎಲ್ಲ ವಾಹನಕ್ಕೂ ಆ ವೇಗ ಸಿಗುವುದಿಲ್ಲ. ವಾಹನ ಎಷ್ಟನ್ನು ಸ್ವೀಕರಿಸಬಲ್ಲದೋ ಅಷ್ಟೇ ಒಳಹೋಗುತ್ತದೆ. ಕಿರಿದಾದ ಬಾಯಿಯ ಕೊಡಕ್ಕೆ ದಪ್ಪ ಪೈಪು ಹಿಡಿದಂತೆ. ಪ್ಲಗ್ಗಿನ ಬಗೆಯೂ ಹೊಂದಬೇಕು. ಕಾರುಗಳಿಗೆಂದು ಹಾಕಿದ ಕೇಂದ್ರಗಳಲ್ಲಿ ಸಾಮಾನ್ಯವಾಗಿರುವುದು ಸಿಸಿಎಸ್-2 ಎಂಬ ಬಗೆ. ಕೊಳ್ಳಲಿರುವ ಮಾದರಿಗೆ ಆ ಕಿಂಡಿ ಇದೆಯೇ ಎಂಬುದನ್ನು ಕೊಟೇಶನ್ನಿನಲ್ಲಿ ಬರೆಸಿಕೊಳ್ಳುವುದು ಲೇಸು.

ಮಳೆಗಾಲದ ಮಾತು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಶರಾವತಿಯ ನೀರಿನಿಂದ ನಾಡಿಗೆಲ್ಲ ವಿದ್ಯುತ್ ಹರಿಸುವ ಜಿಲ್ಲೆಯಲ್ಲಿಯೇ, ಜೂನ್‌ನಿಂದ ಆಗಸ್ಟ್‌ವರೆಗೆ ತೀರ್ಥಹಳ್ಳಿ, ಹೊಸನಗರಗಳ ಕಡೆ ಮರ ಬಿದ್ದು ತಂತಿ ತುಂಡಾಗುವುದು ವಾಡಿಕೆ. ತೀರ್ಥಹಳ್ಳಿಗೆ ಹೋಗಿಬರಲು 120 ಕಿ.ಮೀ. ಮೀರುತ್ತದೆ, ಸಣ್ಣ ಬ್ಯಾಟರಿಯ ವಾಹನ ಅಲ್ಲಿ ಚಾರ್ಜ್ ಮಾಡಿಕೊಂಡೇ ಮರಳಬೇಕು. ಅಂದು ಅಲ್ಲಿ ವಿದ್ಯುತ್ ಇಲ್ಲದಿದ್ದರೆ ವಾಹನ, ಚಾಲಕ, ಸರಕು ಮೂರೂ ಅಲ್ಲಿಯೇ ಉಳಿಯುತ್ತವೆ. ಈ ಮಾರ್ಗದವರು ನಿಜಬಳಕೆಯಲ್ಲಿ 150 ಕಿ.ಮೀ. ದಾಟುವ ವಾಹನವನ್ನೇ ನೋಡಬೇಕು, ಇಲ್ಲವೇ ಡೀಸೆಲ್ಲನ್ನೇ ಉಳಿಸಿಕೊಳ್ಳಬೇಕು.

ಗೋದಾಮಿನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸುವಾಗ ಮಂಜೂರಾದ ಲೋಡ್ ಸಾಕೇ ಎಂಬುದನ್ನು ನೋಡಿಕೊಳ್ಳಬೇಕು. ಲೋಡ್ ಏರಿಸಿದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ವಿದ್ಯುತ್ ವಾಹನ ಚಾರ್ಜಿಂಗಿಗೆ ಆಯೋಗವು ಪ್ರತ್ಯೇಕ ದರದ ವರ್ಗವನ್ನು ಇಟ್ಟಿದೆ. ಎರಡು-ಮೂರು ವಾಹನ ಇರಿಸಿಕೊಳ್ಳುವವರು ಪ್ರತ್ಯೇಕ ಮೀಟರ್ ಹಾಕಿಸಿದರೆ ಲಾಭವೋ ಅಲ್ಲವೋ ಎಂದು ಮೆಸ್ಕಾಂ ಉಪವಿಭಾಗದಲ್ಲಿ ಕೇಳಬಹುದು. ಭೂಸಂಪರ್ಕ ಸರಿಯಿಲ್ಲದ ಹಳೆಯ ಕಟ್ಟಡಗಳಲ್ಲಿ ಹಲವು ವಾಹನಗಳು ಚಾರ್ಜಿಂಗನ್ನೇ ಆರಂಭಿಸುವುದಿಲ್ಲ; ಅದನ್ನು ವಾಹನದ ದೋಷವೆಂದು ಭಾವಿಸಬಾರದು.

ಕಾಗದದಲ್ಲಿ ಬರೆಸಿಕೊಳ್ಳಬೇಕಾದದ್ದು

ಬ್ಯಾಟರಿಯ ವಾರಂಟಿ ಏಸ್ ಇವಿಗೆ 7 ವರ್ಷ ಅಥವಾ 1.75 ಲಕ್ಷ ಕಿ.ಮೀ., ಜಿಯೋಗೆ 7 ವರ್ಷ ಅಥವಾ 1.5 ಲಕ್ಷ ಕಿ.ಮೀ. ಎಂದು ಘೋಷಿಸಲಾಗಿತ್ತು. ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿ ಬ್ಯಾಟರಿ ಸಿಗುತ್ತದೆ, ಹೆಚ್ಚು ಭಾರ ಹೇರಿದ್ದು ವಾಹನದ ದಾಖಲೆಯಲ್ಲಿ ಕಂಡರೆ ವಾರಂಟಿ ಉಳಿಯುತ್ತದೆಯೇ, ಎರಡನೆಯ ಮಾಲೀಕರಿಗೆ ಅದು ವರ್ಗವಾಗುತ್ತದೆಯೇ, ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು. ಮೂರನೆಯದು ಮರುಮಾರಾಟದ ಬೆಲೆಯನ್ನು ನಿರ್ಧರಿಸುತ್ತದೆ. ಹಳೆಯ ಡೀಸೆಲ್ ಏಸ್‌ಗೆ ಯಾವ ಊರಿನಲ್ಲೂ ಗಿರಾಕಿಯಿದ್ದಾರೆ. ಐದು ವರ್ಷ ಓಡಿದ ವಿದ್ಯುತ್ ವಾಹನಕ್ಕೆ ಅಂತಹ ಮಾರುಕಟ್ಟೆ ಇನ್ನೂ ಕಟ್ಟಿಕೊಂಡಿಲ್ಲ.

ಕೊನೆಯದಾಗಿ, ಪ್ರದರ್ಶನ ವಾಹನವನ್ನು ಖಾಲಿಯಾಗಿ ನೂರಡಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ತಮ್ಮದೇ ಸರಕನ್ನು ತೂಗಿ ಹೇರಿ, ತಮ್ಮದೇ ಚಾಲಕರಿಂದ ಭದ್ರಾವತಿಗೆ ಹೋಗಿಬರುವಂತೆ ಮಾಡಿ, ಹೊರಡುವಾಗ ಮತ್ತು ಮರಳಿದಾಗ ಬ್ಯಾಟರಿಯ ಶೇಕಡಾವಾರನ್ನು ಬರೆದಿಡಬೇಕು. 14.4 ಯೂನಿಟ್ ಬ್ಯಾಟರಿಯಲ್ಲಿ 42 ಕಿ.ಮೀ.ಗೆ ಶೇ. 38ರಷ್ಟು ಇಳಿದರೆ ಮೇಲಿನ ಲೆಕ್ಕ ಸರಿ, ಶೇ. 50 ಇಳಿದರೆ ಆ ವಾಹನದ ನಿಜವಾದ ರೇಂಜ್ 84 ಕಿ.ಮೀ. ಮಾತ್ರ, ಬೆಲೆಯ ಮಾತುಕತೆ ಅಲ್ಲಿಂದ ಆರಂಭವಾಗಬೇಕು.